ಮೊದಲ ಸೂಜಿ ಯಾರ ತೋಳಿಗೆ?

ಕಳೆದ ತಿಂಗಳು ಪುಣೆಯಲ್ಲಿ ನಮ್ಮ ಬಳಗದ ಸಭೆ ಮುಗಿದ ಮೇಲೆ, ಕಾಫಿಯ ಲೋಟ ಹಿಡಿದು ನಿಂತಿದ್ದ ಹಿರಿಯರೊಬ್ಬರು ಪ್ರಶ್ನೆಯೊಂದನ್ನು ಎಸೆದರು. ಹಾಲುಗಲ್ಲದ ಕೂಸಿಗೆ ಬರುವ ಭೇದಿಗೆ ಲಸಿಕೆ ಮಾಡುತ್ತಾರಂತೆ, ಅದನ್ನು ಮೊದಲು ಮೂವತ್ತು ವರ್ಷದ ಗಟ್ಟಿಮುಟ್ಟಾದ ಆಳಿನ ತೋಳಿಗೆ ಚುಚ್ಚಿ ನೋಡುತ್ತಾರಂತೆ, ಇದು ಯಾವ ಸೀಮೆಯ ವಿಜ್ಞಾನ? ಸುತ್ತ ನಿಂತವರು ನಕ್ಕರು. ಇನ್ನೊಬ್ಬರು, ‘ಬಡವರನ್ನು ಪ್ರಯೋಗಪಶು ಮಾಡುತ್ತಾರೆ, ಅಷ್ಟೇ’ ಎಂದು ಷರಾ ಬರೆದರು. ಮಾತು ಅಲ್ಲಿಂದ ಅನುವಾದಿತ ಕಾದಂಬರಿಯೊಂದರ ಬಿಡುಗಡೆಯ ದಿನಾಂಕದತ್ತ ಹೊರಳಿತು. ಆ ನಗೆಯಲ್ಲಿ ನಾವೂ ಪಾಲುಗೊಂಡಿದ್ದೆವು. ಅದನ್ನು ಒಪ್ಪಿಕೊಂಡೇ, ಆ ನಗೆಯ ವಿರುದ್ಧವೂ ಆ ಷರಾದ ವಿರುದ್ಧವೂ ಇದನ್ನು ಬರೆಯುತ್ತಿದ್ದೇವೆ.

ರೋಟಾವೈರಸ್ ಎಂಬ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಮೊಮ್ಮಕ್ಕಳ ಲಸಿಕೆಯ ಚೀಟಿಯಿಂದ. 1973ರಲ್ಲಿ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಕರುಳಿನ ತುಣುಕನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ ಇದು ಕಂಡಿತು. ಗಾಲಿಯಂತಿದ್ದುದರಿಂದ ಲ್ಯಾಟಿನಿನ ಗಾಲಿಯ ಹೆಸರೇ ಅದಕ್ಕೆ ಬಂತು. ಐದು ವರ್ಷ ತುಂಬುವುದರೊಳಗೆ ಜಗತ್ತಿನ ಬಹುಪಾಲು ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಇದರ ಸೋಂಕು ತಗಲುತ್ತದೆ. ನಲ್ಲಿಯ ನೀರು ಸ್ಫಟಿಕದಂತಿರುವ ದೇಶದಲ್ಲೂ ತಗಲುತ್ತದೆ. ಸಾಯುವವರು ಮಾತ್ರ ಬಡವರ ಮಕ್ಕಳು, ಏಕೆಂದರೆ ಮೈಯ ನೀರು ಬತ್ತುವ ಆ ಒಂದೆರಡು ದಿನಗಳಲ್ಲಿ ಆಸ್ಪತ್ರೆ ದೂರವಿರುತ್ತದೆ. ಲಸಿಕೆ ಬರುವ ಮುನ್ನ ಭಾರತದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳು ಇದರಿಂದ ಸಾಯುತ್ತಿದ್ದರೆಂದು ಅಂದಾಜು.

ಈಗಿರುವ ಲಸಿಕೆಗಳೆಲ್ಲ ಬಾಯಿಗೆ ಹಾಕುವಂಥವು; ಬಲಗುಂದಿಸಿದ ಜೀವಂತ ವೈರಸ್ಸಿನವು. ಸಿರಿವಂತ ದೇಶಗಳಲ್ಲಿ ಅವು ತೀವ್ರ ಭೇದಿಯನ್ನು ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ತಡೆಯುತ್ತವೆ. ಮಲಾವಿಯಲ್ಲಿ ಅದೇ ಲಸಿಕೆ ನೂರಕ್ಕೆ 49ರಷ್ಟು ಮಾತ್ರ ತಡೆಯಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ಪರೀಕ್ಷಿಸಿದ ನಮ್ಮದೇ ರೋಟಾವ್ಯಾಕ್ ಕೂಡ 54ರ ಆಸುಪಾಸಿನಲ್ಲಿ ನಿಂತಿತು. ಬಡ ಮಗುವಿನ ಕರುಳು ಬೇರೆ ಸೂಕ್ಷ್ಮಜೀವಿಗಳಿಂದ ಕಿಕ್ಕಿರಿದಿರುತ್ತದೆ, ಅಪೌಷ್ಟಿಕತೆ ಇರುತ್ತದೆ, ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯ ವೈರಸ್ಸನ್ನೇ ಹೊಡೆದುರುಳಿಸುತ್ತವೆ ಎಂದೆಲ್ಲ ವಿದ್ವಾಂಸರು ಕಾರಣ ಕೊಡುತ್ತಾರೆ. ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಫಲಿಸುವ ಮದ್ದು. ಕರುಳಿನ ದಾರಿಯನ್ನೇ ಬಿಟ್ಟು ಸೂಜಿಯ ದಾರಿ ಹಿಡಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಇಲ್ಲಿಂದ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೂಪುಗೊಂಡು, ಪಾಥ್ ಎಂಬ ಲಾಭರಹಿತ ಸಂಸ್ಥೆಯ ಆಸರೆಯಲ್ಲಿ ಬೆಳೆದ ಆ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ವೈರಸ್ಸಿನ ಹೊರಮುಳ್ಳಿನ ಒಂದು ಪ್ರೋಟೀನಿನ ತುಂಡನ್ನು ಧನುರ್ವಾಯುವಿನ ವಿಷದ ಒಂದು ನಿರಪಾಯ ತುಣುಕಿಗೆ ಜೋಡಿಸಿ, ಅಲ್ಯೂಮಿನಿಯಂ ಲವಣದೊಂದಿಗೆ ಸ್ನಾಯುವಿಗೆ ಚುಚ್ಚುವುದು. ಅದನ್ನು ಮೊದಲು ಪಡೆದವರು ಅಮೆರಿಕದ ಬಾಲ್ಟಿಮೋರಿನ ವಯಸ್ಕರು. 18ರಿಂದ 45 ವರ್ಷದ 48 ಮಂದಿ. 10, 30, 60 ಮೈಕ್ರೋಗ್ರಾಂ, ಚಿಕ್ಕ ಪ್ರಮಾಣದಿಂದ ದೊಡ್ಡದಕ್ಕೆ ಮೆಟ್ಟಿಲು ಮೆಟ್ಟಿಲಾಗಿ. ನಾಲ್ಕು ವಾರಕ್ಕೊಂದರಂತೆ ಮೂರು ಸೂಜಿ. ಕೆಲವರಿಗೆ ಮದ್ದಿಲ್ಲದ ಸೂಜಿ. ಬಡವರ ಷರಾ ಬರೆದ ಮಿತ್ರರು ಈ ಊರಿನ ಹೆಸರನ್ನು ದಯವಿಟ್ಟು ಗಮನಿಸಬೇಕು.

ನಕ್ಕವರ ತರ್ಕ ಇಷ್ಟು: ದೊಡ್ಡವರಿಗೆ ಈ ರೋಗ ಕಾಡುವುದಿಲ್ಲ, ಆದ್ದರಿಂದ ಲಸಿಕೆ ಫಲಿಸಿತೋ ಇಲ್ಲವೋ ಅವರಲ್ಲಿ ತಿಳಿಯುವುದಿಲ್ಲ. ನಿಜ, ತಿಳಿಯುವುದಿಲ್ಲ. ತಿಳಿಯಲೆಂದು ಅವರಿಗೆ ಚುಚ್ಚುವುದೂ ಅಲ್ಲ. ಅಲ್ಲಿ ಕೇಳುತ್ತಿರುವುದು ಬೇರೆಯೇ ಪ್ರಶ್ನೆ: ಇದುವರೆಗೆ ಯಾವ ಮನುಷ್ಯನ ಮೈಯನ್ನೂ ಹೊಕ್ಕಿರದ ಈ ದ್ರವ ಮನುಷ್ಯನ ಮೈಗೆ ಏನು ಮಾಡುತ್ತದೆ? ತೋಳು ಊದುತ್ತದೆಯೇ, ಜ್ವರ ಬರುತ್ತದೆಯೇ, ರಕ್ತಪರೀಕ್ಷೆಯಲ್ಲಿ ಯಕೃತ್ತು, ಮೂತ್ರಪಿಂಡ ತೊದಲುತ್ತವೆಯೇ? ಈ ಪ್ರಶ್ನೆಯನ್ನು ಎರಡು ತಿಂಗಳ ಕೂಸಿಗೆ ಕೇಳಿ ನೋಡಿ. ಅದು ಅಳುತ್ತದೆ. ಹಸಿವಾದರೂ ಅಳುತ್ತದೆ, ನಿದ್ದೆ ಬಂದರೂ ಅಳುತ್ತದೆ, ತಲೆ ಸಿಡಿದರೂ ಅಳುತ್ತದೆ. ವಯಸ್ಕನಿಗೆ ನಾಲಿಗೆ ಇದೆ. ‘ನಿನ್ನೆ ರಾತ್ರಿಯಿಂದ ಕಣ್ಣು ಮಂಜು, ಎಡಗೈ ಜೋಮು’ ಎಂದು ಆತ ದಿನಚರಿಯ ಹಾಳೆಯಲ್ಲಿ ಬರೆಯಬಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡನೆಯ ಸೂಜಿಗೆ ಮುಂಚೆ ಎದ್ದು ನಿಂತು ‘ನನಗೆ ಸಾಕು’ ಎಂದು ಮನೆಗೆ ಹೋಗಬಲ್ಲ. ಕೂಸಿನ ಪರವಾಗಿ ತಾಯಿ ಹೇಳಬಹುದು. ಆದರೆ ತನ್ನ ಮೈಯ ಮೇಲೆ ತಾನು ಹೂಡುವ ಪಣಕ್ಕೂ ಮಗುವಿನ ಮೈಯ ಮೇಲೆ ಹೂಡುವ ಪಣಕ್ಕೂ ಇರುವ ಅಂತರವನ್ನು ಯಾವ ತಾಯಿಗೂ ನಾವು ವಿವರಿಸಬೇಕಾಗಿಲ್ಲ.

ದೊಡ್ಡವರಾದ ಮೇಲೆ ನಡೆದಾಡುವ ಮಕ್ಕಳು, ಅವರಾದ ಮೇಲೆ ಮೊಲೆಯುಣ್ಣುವ ಶಿಶುಗಳು: ಈ ಲಸಿಕೆ ದಕ್ಷಿಣ ಆಫ್ರಿಕದಲ್ಲಿ ಇಳಿದದ್ದು ಹೀಗೆ, ಮೆಟ್ಟಿಲು ಮೆಟ್ಟಿಲಾಗಿ. ಮುಂದೆ ಅದೇ ಲಸಿಕೆಗೆ ಇನ್ನೆರಡು ತಳಿಗಳ ಪ್ರೋಟೀನು ಸೇರಿಸಿದಾಗ ಮತ್ತೆ ವಯಸ್ಕರಿಂದಲೇ ಶುರುಮಾಡಿದರು. ಒಮ್ಮೆ ಪಾಸಾಗಿದೆಯಲ್ಲ ಎಂದು ನೇರ ಕೂಸಿನ ತೊಡೆಗೆ ಹೋಗಲಿಲ್ಲ. ನಮ್ಮ ಸಭೆ ನಕ್ಕದ್ದು ಈ ಎಚ್ಚರವನ್ನು.

ಹಾಗೆಂದು ವಯಸ್ಕರ ಪರೀಕ್ಷೆಯನ್ನು ನಾವು ತಲೆಯ ಮೇಲೆ ಹೊತ್ತು ಮೆರೆಸುತ್ತಿಲ್ಲ. ಸಂಖ್ಯಾಶಾಸ್ತ್ರದವರಲ್ಲಿ ಒಂದು ಕೈಲೆಕ್ಕವಿದೆ: ಇಷ್ಟು ಜನರಲ್ಲಿ ಒಂದು ಅಪಾಯ ಒಮ್ಮೆಯೂ ಕಾಣಲಿಲ್ಲವೆಂದರೆ, ಮೂರನ್ನು ಆ ಸಂಖ್ಯೆಯಿಂದ ಭಾಗಿಸಿ, ಅಪಾಯ ಅದಕ್ಕಿಂತ ಹೆಚ್ಚಿರಲಾರದೆಂದು ಹೇಳಬಹುದು, ಅದಕ್ಕಿಂತ ಗಟ್ಟಿಯಾಗಿ ಏನನ್ನೂ ಹೇಳಲಾಗದು. 48 ಮಂದಿಗೂ ನಿಜವಾದ ಲಸಿಕೆಯೇ ಸಿಕ್ಕಿತ್ತೆಂದು ಇಟ್ಟುಕೊಂಡರೂ ಹದಿನಾರರಲ್ಲಿ ಒಬ್ಬರಿಗೆ ಆಗಬಹುದಾದ ಕೇಡು ಕೂಡ ಅವರ ನಡುವೆ ಕಾಣದೆ ನುಸುಳಿಹೋಗಬಹುದಿತ್ತು. ‘ಸುರಕ್ಷಿತವೆಂದು ಸಾಬೀತಾಗಿದೆ’ ಎಂದು ಮರುದಿನ ಪತ್ರಿಕೆಯಲ್ಲಿ ತಲೆಬರಹ ಬರುತ್ತದಲ್ಲ, ಅದನ್ನು ಓದುವಾಗ ಈ ಕೈಲೆಕ್ಕ ನೆನಪಿರಲಿ. ರೋಟಾಶೀಲ್ಡ್ ಎಂಬ ಲಸಿಕೆಗೆ ಅಮೆರಿಕದಲ್ಲಿ 1998ರಲ್ಲಿ ಪರವಾನಗಿ ಸಿಕ್ಕಿತು. 1999ರಲ್ಲಿ ಅದನ್ನು ಹಿಂತೆಗೆದುಕೊಂಡರು. ಸುಮಾರು ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೆ ಕರುಳು ಕರುಳಿನೊಳಗೇ ಮಡಚಿಕೊಳ್ಳುವ ತೊಂದರೆ ಕಂಡಿತ್ತು. ಅಂಥದ್ದನ್ನು ಯಾವ ವಯಸ್ಕನೂ ಮುನ್ಸೂಚಿಸಲಾರ. ಆ ಸೋಸುವಿಕೆಗೆ ಸಾವಿರಾರು ಶಿಶುಗಳೇ ಬೇಕು, ಲಸಿಕೆ ಮಾರುಕಟ್ಟೆಗೆ ಬಂದ ಮೇಲೂ ವರ್ಷಗಟ್ಟಲೆ ಕಣ್ಣಿಟ್ಟಿರಬೇಕು. ಮೊದಲ ಜರಡಿಯ ಕಣ್ಣು ದೊಡ್ಡದು. ದೊಡ್ಡ ಕಲ್ಲನ್ನು ಹಿಡಿಯಲೆಂದೇ ಅದಿರುವುದು.

ಆ ಸೂಜಿಯ ಕತೆ ಏನಾಯಿತೆಂದು ಕೇಳುವವರಿಗೆ: 2019ರಲ್ಲಿ ಘಾನಾ, ಮಲಾವಿ, ಜಾಂಬಿಯಾಗಳಲ್ಲಿ ದೊಡ್ಡ ಪರೀಕ್ಷೆ ಆರಂಭವಾಯಿತು. ಬಾಯಿಯ ಲಸಿಕೆಗಿಂತ ಇದು ಮೇಲೆಂದು ತೋರುವ ಸಂಭವವಿಲ್ಲವೆಂದು ನಡುವೆಯೇ ತಿಳಿದುಬಂದು ನಿಲ್ಲಿಸಲಾಯಿತು. ಸೋತಿತು. ‘ನೋಡಿದಿರಾ’ ಎನ್ನುವವರ ಬಾಯಿಗೆ ಇದು ಸಕ್ಕರೆ. ಹೀಗೆ ಸೋಲಲು ಅವಕಾಶವಿರುವುದಕ್ಕೇ ಅದನ್ನು ಪರೀಕ್ಷೆ ಎನ್ನುವುದು. ನಮ್ಮ ಬೆಂಗಳೂರಿಗೂ ಇಂಥ ಒಂದು ಸೋಲು ಸಂದಿದೆ. ಭೇದಿಯೇ ಇಲ್ಲದೆ ಸೋಂಕು ಹೊತ್ತಿದ್ದ ಬೆಂಗಳೂರಿನ ನವಜಾತ ಶಿಶುಗಳಲ್ಲಿ ದೊರೆತು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ದುರ್ಗಾ ರಾವ್ ಅವರ ತಂಡ ಅಧ್ಯಯನ ಮಾಡಿದ ಐ321 ಎಂಬ ತಳಿ, ದೆಹಲಿಯ ಏಮ್ಸ್‌ನಲ್ಲಿ ದೊರೆತ 116ಇ ತಳಿಯ ಜತೆಜತೆಗೇ ಲಸಿಕೆಯ ಉಮೇದುವಾರನಾಗಿತ್ತು. ಶಿಶುಗಳಲ್ಲಿ ಅದು ಎಬ್ಬಿಸಿದ ಪ್ರತಿರೋಧ ಸಾಲದಾಯಿತು. 116ಇ ಮುಂದೆ ರೋಟಾವ್ಯಾಕ್ ಆಗಿ 2016ರಲ್ಲಿ ಸರ್ಕಾರಿ ಲಸಿಕೆಯ ಪಟ್ಟಿ ಸೇರಿತು, ಬೆಂಗಳೂರಿನದು ಹಿಂದುಳಿಯಿತು. ಸಭೆಯಲ್ಲಿದ್ದ ಇಪ್ಪತ್ತು ಮಂದಿ ಕನ್ನಡಾಭಿಮಾನಿಗಳಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ನಮಗೂ ಗೊತ್ತಾದದ್ದು ಇದನ್ನು ಬರೆಯಲು ಕುಳಿತಾಗ.

ಇನ್ನು ಷರಾ ಬರೆದವರ ಮಾತು. ಅದರಲ್ಲಿ ಹುರುಳಿಲ್ಲವೆಂದು ಹೇಳಿದರೆ ನಾವೇ ಸುಳ್ಳರಾಗುತ್ತೇವೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾಗಳಲ್ಲಿ ಹೆಣ್ಣುಮಕ್ಕಳಿಗೆ ಚುಚ್ಚಿದ ಯೋಜನೆಯಲ್ಲಿ, ಎಷ್ಟೋ ಒಪ್ಪಿಗೆ ಪತ್ರಗಳಿಗೆ ಹಾಸ್ಟೆಲಿನ ವಾರ್ಡನ್ನರು ಸಹಿ ಹಾಕಿದ್ದರು. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಅದನ್ನು ಕಟುವಾಗಿ ಖಂಡಿಸಿತು. ಯೋಜನೆ ನಡೆಸಿದ್ದು ಮೇಲೆ ಹೇಳಿದ ಪಾಥ್ ಸಂಸ್ಥೆಯೇ. ಬಾಲ್ಟಿಮೋರಿನಲ್ಲಿ ಮೆಟ್ಟಿಲು ಎಣಿಸಿ ಇಳಿಯುವವರು ಖಮ್ಮಂನಲ್ಲಿ ವಾರ್ಡನ್ನರ ಸಹಿಗೆ ಸಮಾಧಾನಪಟ್ಟುಕೊಳ್ಳುತ್ತಾರೆಂದರೆ, ಸಿಟ್ಟು ನ್ಯಾಯವೇ. ರೋಟಾವ್ಯಾಕ್ ಪರೀಕ್ಷೆಯಲ್ಲಿ ವೆಲ್ಲೂರಿನ ಅಂಕಿಅಂಶವನ್ನು ಬೇರೆಯಾಗಿ ಕೊಡಿ ಎಂದು ಕೇಳಿದವರು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಅದೂ ನ್ಯಾಯವಾದ ಕೇಳಿಕೆಯೇ. ಕೇಳುವವರನ್ನು ಲಸಿಕೆಯ ವೈರಿಗಳೆಂದು ಕರೆದು ಬಾಯಿ ಮುಚ್ಚಿಸುವ ವೈದ್ಯವರ್ಗದ ಚಾಳಿಯ ಮೇಲೆ ನಮಗೆ ಗೌರವವಿಲ್ಲ.

ಆದರೆ ‘ಪ್ರಯೋಗಪಶು’ ಎಂಬ ಆ ಒಂದು ಪದ ಇದಾವುದನ್ನೂ ಕೇಳುವುದಿಲ್ಲ. ಅದನ್ನು ಉಚ್ಚರಿಸಿದವರಿಗೆ ಮುಂದೆ ಮಾಡಬೇಕಾದ ಕೆಲಸವೇ ಉಳಿಯುವುದಿಲ್ಲ. ಕಾಫಿ ಮುಗಿಸಿ ಹೊರಡಬಹುದು. ಒಪ್ಪಿಗೆ ಪತ್ರದಲ್ಲಿ ಏನು ಬರೆದಿತ್ತು? ಯಾವ ಭಾಷೆಯಲ್ಲಿ? ಕೇಡಾದರೆ ಚಿಕಿತ್ಸೆಯ ಖರ್ಚು ಯಾರದು? ತೋಳು ಕೊಟ್ಟವನನ್ನು ಪಶುವೆಂದವರು ಅವನು ಓದಿದ, ಅಥವಾ ಓದಲಾಗದ, ಹಾಳೆಯನ್ನು ಒಮ್ಮೆಯೂ ಕೇಳಿ ನೋಡಿಲ್ಲ. ನಾವೂ ನೋಡಿರಲಿಲ್ಲ, ಎರಡು ವರ್ಷದ ಹಿಂದಿನವರೆಗೆ.

ಪರಿಚಯದ ತರುಣ ವೈದ್ಯೆಯೊಬ್ಬರು ಆಗ ಹನ್ನೊಂದು ಪುಟದ ಒಪ್ಪಿಗೆ ಪತ್ರವೊಂದನ್ನು ತಂದು, ‘ಸರ್, ಇದರ ಕನ್ನಡ ಸರಿ ಇದೆಯೇ’ ಎಂದು ಕೇಳಿದರು. ಸಂಸ್ಥೆಯ ಹೆಸರು ಬೇಡ. ಪುಣೆಯ ಕಟ್ಟಡದ ಕೆಲಸಕ್ಕೆ ಯಾದಗಿರಿ, ಕಲಬುರಗಿ, ವಿಜಯಪುರಗಳ ಕಡೆಯಿಂದ ಬರುವವರಿಗಾಗಿ ಇಂಗ್ಲಿಷಿನಿಂದ ಅನುವಾದಿಸಿದ ಪತ್ರ ಅದು. ಮೂರನೆಯ ಪುಟದಲ್ಲಿ ಈ ವಾಕ್ಯವಿತ್ತು: ‘ಯಾದೃಚ್ಛಿಕೀಕರಣದ ಮೂಲಕ ಭಾಗಿಯನ್ನು ಅಧ್ಯಯನದ ತೋಳುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು.’ ಲಸಿಕೆ ಪಡೆಯುವ ಗುಂಪು, ಪಡೆಯದ ಗುಂಪು ಎಂಬುದನ್ನು ಇಂಗ್ಲಿಷಿನ ಸಂಶೋಧಕರು ತೋಳುಗಳೆನ್ನುತ್ತಾರೆ. ಅನುವಾದಕರು ತೋಳನ್ನು ತೋಳಾಗಿಯೇ ಇಳಿಸಿದ್ದರು. ಇದನ್ನು ಓದಿ ಹೇಳಿದಾಗ ಯಾದಗಿರಿಯ ಕಡೆಯ ಹೆಣ್ಣುಮಗಳೊಬ್ಬಳು ‘ಯಾವ ತೋಳಿಗ್ರೀ ಅಕ್ಕಾರ, ಎಡಕೋ ಬಲಕೋ?’ ಎಂದು ಕೇಳಿದಳಂತೆ. ವೈದ್ಯೆ ಇದನ್ನು ಹೇಳುವಾಗ ನಗಲಿಲ್ಲ. ಆ ಹೆಣ್ಣುಮಗಳು ತನಗೆ ಲಸಿಕೆ ಸಿಗದೇ ಹೋಗಬಹುದೆಂಬ ಮಾತನ್ನು ಆ ಹಾಳೆಯಿಂದ ತಿಳಿಯುವ ದಾರಿಯೇ ಇರಲಿಲ್ಲ. ಸಹಿಯನ್ನಂತೂ ಹಾಕಿದ್ದಳು.

ಕಡತದ ಭಾಷೆಯಲ್ಲೇ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಈ ವಾಕ್ಯದ ಜಾತಿ ಚೆನ್ನಾಗಿ ಗೊತ್ತು. ಅದು ಅರ್ಥವಾಗಲೆಂದು ಬರೆದದ್ದಲ್ಲ, ಬರೆದಿದ್ದೇವೆ ಎಂದು ಮುಂದೆ ತೋರಿಸಲು ಬರೆದದ್ದು. 2019ರ ಔಷಧ ಪರೀಕ್ಷೆಯ ನಿಯಮಗಳು ಭಾಗವಹಿಸುವವರಿಗೆ ತಿಳಿಯುವ, ತಾಂತ್ರಿಕವಲ್ಲದ ಭಾಷೆಯಲ್ಲಿ ವಿವರಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತವೆ. ಪ್ರತಿ ಪರೀಕ್ಷೆಗೂ ಒಪ್ಪಿಗೆ ನೀಡುವ ನೀತಿ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅವರಲ್ಲಿ ಒಬ್ಬರು ವೈದ್ಯರೂ ವಿಜ್ಞಾನಿಯೂ ಅಲ್ಲದ ಜನಸಾಮಾನ್ಯರಾಗಿರಬೇಕು ಎಂದೂ ಹೇಳುತ್ತವೆ. ಆ ಕುರ್ಚಿ ನಮ್ಮದು, ಮಿತ್ರರೇ. ವಾಕ್ಯವೊಂದು ಏನನ್ನು ಹೇಳುತ್ತಿದೆ, ಏನನ್ನು ಮುಚ್ಚಿಡುತ್ತಿದೆ ಎಂದು ನೋಡುವುದನ್ನೇ ಕಸುಬೆಂದು ನಾವು ಕೊಚ್ಚಿಕೊಳ್ಳುತ್ತೇವೆ. ಒಂದೇ ಯುರೋಪಿಯನ್ ಕವಿಯನ್ನು ಮೂವರು ಮೂರು ಸಲ ಅನುವಾದಿಸಿ, ಯಾರದು ಮೂಲಕ್ಕೆ ಹತ್ತಿರವೆಂದು ಒಂದು ಇಡೀ ಸಂಜೆ ಜಗಳವಾಡಿದ ಬಳಗ ಇದು. ಆ ಹನ್ನೊಂದು ಪುಟಕ್ಕೆ ಒಬ್ಬರು ಸಿಗಲಿಲ್ಲ. ನಾವು ಆ ವೈದ್ಯೆಗೆ ‘ಬಿಡುವಾದಾಗ ನೋಡುತ್ತೇವೆ’ ಎಂದು ಹೇಳಿ, ನಾಲ್ಕು ತಿಂಗಳು ಇಟ್ಟುಕೊಂಡು, ಕೊನೆಗೆ ಕಾಗುಣಿತ ತಿದ್ದಿ ಹಿಂತಿರುಗಿಸಿದೆವು. ತೋಳು ತೋಳಾಗಿಯೇ ಉಳಿಯಿತು. ತಪ್ಪನ್ನು ನಾವು ಹುಡುಕಿ ತೆಗೆದದ್ದಲ್ಲ. ಎಡಕೋ ಬಲಕೋ ಎಂದು ಕೇಳಿದವಳು ತೆಗೆದಳು, ಆ ಕತೆ ನಮ್ಮ ಕಿವಿಗೆ ಬಿದ್ದದ್ದು ಆಮೇಲೆ.

ಈಗ ಆ ಹಾಳೆಗಳನ್ನು ಮತ್ತೆ ತರಿಸಿಕೊಂಡಿದ್ದೇವೆ. ಕಾಫಿ ಲೋಟದ ಹಿರಿಯರಿಗೆ ಈ ಬರಹದ ಕರಡನ್ನು ಓದಲು ಕೊಟ್ಟಾಗ ಅವರು ಕೆಲಹೊತ್ತು ಸುಮ್ಮನಿದ್ದು, ‘ಮೂರನೆಯ ಪುಟ ನನಗೆ ಕೊಡಿ’ ಎಂದರು. ‘ಯಾದೃಚ್ಛಿಕೀಕರಣ’ ಹೋಗಿ ‘ಚೀಟಿ ಎತ್ತಿದ ಹಾಗೆ’ ಬಂದಿದೆ. ‘ತೋಳು’ ಹೋಗಿ ‘ಗುಂಪು’ ಬಂದಿದೆ. ‘ನಿಮಗೆ ಯಾವ ಗುಂಪು ಬರುತ್ತದೆಂದು ನಿಮಗೂ ಗೊತ್ತಿರುವುದಿಲ್ಲ, ಸೂಜಿ ಹಾಕುವವರಿಗೂ ಗೊತ್ತಿರುವುದಿಲ್ಲ’ ಎಂಬ ವಾಕ್ಯ ಹೊಸದಾಗಿ ಸೇರಿದೆ. ‘ಸ್ವಯಂಸೇವಕ’ ಎಂಬ ಪದದ ಮೇಲೆ ಇನ್ನೂ ಒಮ್ಮತವಾಗಿಲ್ಲ. ಅದರಲ್ಲಿ ಸೇವೆಯ ವಾಸನೆ ಹೆಚ್ಚಾಯಿತೆಂದು ಅವರ ವಾದ, ‘ತಾನಾಗಿ ಬಂದವರು’ ಎಂದರೆ ಕರೆಯದೆ ಬಂದವರಂತೆ ಕೇಳುತ್ತದೆಂದು ನಮ್ಮದು. ಭಾನುವಾರ ಹನ್ನೊಂದಕ್ಕೆ ಮತ್ತೆ ಕೂರುತ್ತೇವೆ; ಯಾದಗಿರಿ ಕಡೆಯ ಕನ್ನಡ ಬಲ್ಲವರು ಯಾರಾದರೂ ಬಂದರೆ ಒಳ್ಳೆಯದು.