ಕ್ಯಾಸನೂರಿನ ಜ್ವರ ಯಾರ ಮೈಗೆ?

ಶಿಕಾರಿಪುರದ ಯಾವುದಾದರೂ ಬ್ಯಾಂಕಿನ ಒಳಗೆ ಹೋಗಿ ನೋಡಿ. ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರು ಇರುತ್ತದೆ. ಬೇಡ ಅನ್ನುವುದಿಲ್ಲ ನಾವು. ಅಲ್ಲಿ ದುಡಿಯುವವರೂ ಬದುಕಬೇಕು. ಆದರೆ ಪಕ್ಕದ ಸೊರಬದಲ್ಲಿ ಕಾಡೇ ಕೆಲಸದ ಜಾಗವಾದ ಕೂಲಿಯವರಿಗೆ ಏನು ಸಿದ್ಧ ಮಾಡಿಟ್ಟಿದ್ದೀರಿ?

೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಮನುಷ್ಯರೂ ಜ್ವರದಲ್ಲಿ ಸತ್ತರು. ಪುಣೆಯ ವಿಜ್ಞಾನಿಗಳು ಬಂದು ವೈರಸ್ ಪತ್ತೆ ಹಚ್ಚಿದರು. ಉಣುಗು ಕಚ್ಚಿ ಬರುವ ರೋಗ ಅಂದರು. ನಮ್ಮ ಕಾಡಿನ ಹೆಸರು ಜಗತ್ತಿನ ವೈದ್ಯಪುಸ್ತಕ ಸೇರಿತು. ನಮ್ಮ ಬಾಯಲ್ಲಿ ಮಾತ್ರ ಅದು ಮಂಗನ ಕಾಯಿಲೆ. ಮಂಗನ ಮೇಲೆ ಹೊರಿಸಿದರೆ ಯಾರೂ ಉತ್ತರ ಕೊಡಬೇಕಾಗಿಲ್ಲವಲ್ಲ!

ಉಣುಗು ಯಾರಿಗೆ ಕಚ್ಚುತ್ತದೆ? ಸೌದೆ ತರುವವಳಿಗೆ, ದನ ಕಾಯುವ ಹುಡುಗನಿಗೆ, ಅಡಿಕೆ ತೋಟಕ್ಕೆ ಸೊಪ್ಪು ಹೊರುವ ಆಳಿಗೆ, ಅರಣ್ಯದ ದಿನಗೂಲಿಗೆ. ೧೯೮೨-೮೩ರಲ್ಲಿ ಬೆಳ್ತಂಗಡಿಯ ನಿಡ್ಲೆಯಲ್ಲಿ ಗೇರು ತೋಟಕ್ಕೆಂದು ಕಾಡು ಕಡಿಸಿದಾಗ ಜ್ವರ ಹತ್ತಿದ್ದು ಕಡಿದ ಕೂಲಿಗಳಿಗೆ. ಆಮೇಲೆ ಆ ಸೀಮೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ನರಳಿದರು, ನೂರಕ್ಕೂ ಹೆಚ್ಚು ಜನ ಸತ್ತರು. ಕೊಡಲಿ ಕೊಟ್ಟು ಕಳಿಸಿದವರು ಉಣುಗಿನ ಮಾತು ಹೇಳಿ ಕಳಿಸಿದ್ದರೇ?

೨೦೧೯ರಲ್ಲಿ ಸಾಗರದ ಅರಲಗೋಡಿನಲ್ಲಿ ಮತ್ತೆ ಸಾವಿನ ಮೇಲೆ ಸಾವು. ಇದ್ದೊಂದು ಲಸಿಕೆಗೆ ಬಲ ಸಾಲದೆಂದು ೨೦೨೨ರಲ್ಲಿ ನಿಲ್ಲಿಸಿದರು. ನಿಲ್ಲಿಸಿದ್ದಕ್ಕೆ ನಮ್ಮ ತಕರಾರಿಲ್ಲ. ಹೊಸದು ಬರುವ ಮೊದಲೇ ಕೂಲಿಯವರ ಕೈಗೆ ಎಣ್ಣೆ ಶೀಶೆಯೊಂದನ್ನು ಕೊಟ್ಟು ಕೈ ತೊಳೆದುಕೊಂಡದ್ದಕ್ಕೆ ತಕರಾರು.

'ಕಾಡಿಗೆ ಹೋಗಬೇಡಿ' ಅಂತಾರೆ ಅಧಿಕಾರಿಗಳು. ಹೋಗದಿದ್ರೆ ಒಲೆ ಉರಿಯೋದು ಹೆಂಗೆ ಸ್ವಾಮಿ? ಆ ದಿನದ ಕೂಲಿ ನೀವು ಕೊಡ್ತೀರಾ?

ನಾವು ಕೇಳುವುದು ಭಿಕ್ಷೆಯಲ್ಲ. ಕೆಲಸಕ್ಕೆ ಕಳಿಸುವ ಇಲಾಖೆ, ಗುತ್ತಿಗೆದಾರ, ತೋಟದ ಯಜಮಾನ ಯಾರೇ ಇರಲಿ, ಕಳಿಸುವ ಮುಂಚೆ ಡೇಪಾ ಎಣ್ಣೆ, ಮೈತುಂಬ ಬಟ್ಟೆ ಕೊಡಲಿ. ಸಂಜೆ ಬಿಸಿನೀರಲ್ಲಿ ಸೋಪು ಹಾಕಿ ಮೈ ತೊಳೆದು ಉಣುಗು ಹುಡುಕುವುದನ್ನು ಕಲಿಸಲಿ. ಮಂಗ ಸತ್ತ ಸುದ್ದಿ ಬಂದರೆ ಅಲ್ಲಿ ಕೆಲಸ ನಿಲ್ಲಿಸಲಿ, ಕೂಲಿ ಹಿಡಿಯದಿರಲಿ. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಯಾವ ಆಸ್ಪತ್ರೆ, ಯಾವ ಗಾಡಿ, ಯಾರ ಖರ್ಚು ಅನ್ನುವುದು ಮೊದಲೇ ತೀರ್ಮಾನವಾಗಿರಲಿ. ಈ ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ಬೇಗ ಆರೈಕೆ ಸಿಕ್ಕರೆ ಜೀವ ಉಳಿದೀತು.

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ದೀಪಾವಳಿ ಮುಗಿಯುತ್ತಲೇ ಕೇರಿಕೇರಿಯಲ್ಲಿ ಇದನ್ನು ಹೇಳಿ. ಹೇಳಿ ಸುಮ್ಮನಾಗಬೇಡಿ. ಕೂಲಿಯವರ ಜೊತೆ ತಾಲ್ಲೂಕು ಕಚೇರಿಯ ಮುಂದೆ ನಿಂತು ಕೇಳಿ: ಡಿಸೆಂಬರಿನಿಂದ ಮೇವರೆಗೆ, ಅರವತ್ತು ವರ್ಷಕ್ಕೂ ಮೇಲಿಂದ, ನೋಟೀಸು ಕೊಟ್ಟೇ ಬರುವ ಸಾವಿಗೆ ನೀವಿನ್ನೂ ಯಾಕೆ ಸಿದ್ಧರಾಗಿಲ್ಲ? ಸಾಯುವ ಮೈ ನಿಮ್ಮದಲ್ಲ ಅಂತಲೇ?