ಮಿಯಾರಿನಲ್ಲಿ ಯಾರ ಕೋಣ?

ಈ ವಾರ ಹೆಬ್ರಿಯಿಂದ ಕಾರ್ಕಳ ಕಡೆ ಹೊರಟವರೆಲ್ಲ ಕೇಳುವುದು ಒಂದೇ: ಮಿಯಾರು ಲವ-ಕುಶ ಜೋಡುಕರೆ ಕಂಬಳದಲ್ಲಿ ಯಾರ ಕೋಣ? ಯಜಮಾನರ ಹೆಸರು ಹೇಳಿ ವಾಟ್ಸಾಪ್ ಗ್ರೂಪಿನಲ್ಲಿ ಬೈಸಿಕೊಳ್ಳಲು ನಾನಿಲ್ಲ. ಜೋಡಿ ಆರಿಸುವ ಲೆಕ್ಕ ಮಾತ್ರ ಹೇಳ್ತೇನೆ.

ಹಗ್ಗ ಹಿರಿಯದ ಫೈನಲ್ ಬರುವಾಗ ಹೆಚ್ಚಾಗಿ ಬೆಳಗಾಗಿರುತ್ತದೆ. ಅಷ್ಟರಲ್ಲಿ ಒಂದೇ ಜೋಡಿ ಹಲವು ಸಲ ಓಡಿರುತ್ತದೆ. ಮೊದಲ ಸುತ್ತಿನ ಸೆಕೆಂಡು ನೋಡಿ ಮರುಳಾಗಬೇಡಿ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಮೇಲೆ ಎಲ್ಲರ ಕಣ್ಣೂ ಓಡಿಸುವವರ ಮೇಲೆ. ನನ್ನದು ಕೋಣದ ಮೇಲೆ. ಗಂತಿನಲ್ಲಿ ಗಲಾಟೆ ಮಾಡದೆ ನಿಂತು, ಮಂಜೊಟ್ಟಿ ಹತ್ತುವವರೆಗೂ ಎರಡೂ ತಲೆ ಸಮವಾಗಿ ಬಂದ ಜೋಡಿಯೇ ನನ್ನ ಆಯ್ಕೆ. ಬೆತ್ತದ ಏಟಿಗೆ ಓಡಿ ಗೆದ್ದ ಜೋಡಿಗೆ ಫೈನಲಿಗೆ ದಮ್ಮು ಉಳಿಯುವುದು ಕಷ್ಟ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕಂಬಳದ ಕಾನೂನನ್ನು ಎತ್ತಿಹಿಡಿಯಿತು ನಿಜ, ಹಾಗಂತ ಹೊಡೆತದ ಗೆಲುವಿಗೆ ಚಪ್ಪಾಳೆ ಬೇಡ ಮಾರಾಯ್ರೆ.

ನೇಗಿಲು ಕಿರಿಯದಲ್ಲಿ ಎಳೆ ಕೋಣಗಳು, ಅಲ್ಲಿ ಯಾರೂ ಗೆಲ್ಲಬಹುದು. ಕನೆಹಲಗೆಯಲ್ಲಿ ನೋಡಬೇಕಾದ್ದು ವೇಗ ಅಲ್ಲ, ನೀರು ನಿಶಾನೆಗೆ ಮುಟ್ಟಿತಾ ಅಂತ. ಫೋನಿಗೆ ಚಾರ್ಜ್ ಉಳಿಸಿಕೊಳ್ಳಿ, ಬೆಳಗಿನ ಜಾವ ಬೇಕಾಗ್ತದೆ.