ಸೊಸೆಯ ಏಳು ವರ್ಷ: ಭಾರತೀನಗರದಿಂದ ಗೃಹ ಸಚಿವಾಲಯಕ್ಕೆ ಒಂದು ಮನವಿ ಪತ್ರ

ಗೆ,
ಮಾನ್ಯ ಕಾರ್ಯದರ್ಶಿಗಳು,
ಗೃಹ ಸಚಿವಾಲಯ, ಭಾರತ ಸರ್ಕಾರ, ನವದೆಹಲಿ

ಮೂಲಕ:
ಮಾನ್ಯ ಜಿಲ್ಲಾಧಿಕಾರಿಗಳು, ಮಂಡ್ಯ ಜಿಲ್ಲೆ, ಮಂಡ್ಯ

ಇಂದ:
ಭಾರತೀನಗರ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರು, ಮದ್ದೂರು ತಾಲ್ಲೂಕು

ವಿಷಯ: ಭಾರತೀಯ ಪ್ರಜೆಯನ್ನು ಮದುವೆಯಾಗಿ ಇಲ್ಲಿಯೇ ನೆಲೆಸಿದ ವಿದೇಶಿ ಪತ್ನಿ ಅಥವಾ ಪತಿ ಪೌರತ್ವಕ್ಕೆ ಅರ್ಜಿ ಹಾಕುವ ಅವಧಿ ಮತ್ತು ಷರತ್ತುಗಳನ್ನು ಸರಿಪಡಿಸುವ ಬಗ್ಗೆ.

ಮಾನ್ಯರೇ,

2023ರ ಫೆಬ್ರವರಿ 23ರಂದು ಭಾರತೀನಗರದಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಒಂದು ಪಾದಯಾತ್ರೆ ಹೊರಟಿತು. ಹಳಬರ ಬಾಯಲ್ಲಿ ಈ ಊರು ಇಂದಿಗೂ ಕೆ.ಎಂ.ದೊಡ್ಡಿ. ಹೊರಟವರು ಮದುವೆಗೆ ಹೆಣ್ಣು ಸಿಗದ ಯುವಕರು, ಅವರಲ್ಲಿ ಹೆಚ್ಚಿನವರು ರೈತರು. ಬೆಟ್ಟದ ದೈವ ಮಾದಪ್ಪನಲ್ಲಿ ಅವರು ಬೇಡಲು ಹೋದದ್ದು ಮಳೆಯನ್ನಲ್ಲ, ಕಬ್ಬಿನ ಬೆಲೆಯನ್ನೂ ಅಲ್ಲ, ಮನೆ ತುಂಬುವ ಹೆಣ್ಣನ್ನು. ಅದಕ್ಕೂ ಮೂರು ತಿಂಗಳ ಹಿಂದೆ, 2022ರ ನವೆಂಬರಿನಲ್ಲಿ, ಇದೇ ಜಿಲ್ಲೆಯ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಹನ್ನೊಂದು ಸಾವಿರಕ್ಕೂ ಹೆಚ್ಚು ಗಂಡುಗಳು ಹೆಸರು ಕೊಟ್ಟಿದ್ದರೆ, ಹೆಣ್ಣುಗಳು ಇನ್ನೂರೈವತ್ತರಷ್ಟು ಮಾತ್ರ ಎಂದು ಪತ್ರಿಕೆಗಳು ಬರೆದವು. ಹೆಣ್ಣು ಭ್ರೂಣ ಹತ್ಯೆಯ ಜಾಲವೊಂದು ಮಂಡ್ಯದ ಆಲೆಮನೆಯಲ್ಲಿ ನಡೆಯುತ್ತಿದ್ದುದು 2023ರ ಕೊನೆಗೆ ಬಯಲಾದಾಗ, ಈ ಕೊರತೆಯ ಬೇರು ಎಲ್ಲಿದೆ ಎಂಬುದೂ ಜನರ ಕಣ್ಣಿಗೆ ಬಿತ್ತು.

ಇಂಥ ಸೀಮೆಯಲ್ಲಿ ಸಂಬಂಧ ಹುಡುಕುವ ದಾರಿ ತಾಲ್ಲೂಕು, ಜಿಲ್ಲೆ, ರಾಜ್ಯಗಳ ಎಲ್ಲೆ ದಾಟುವುದು ಸಹಜ. ಓದಿಗೆ, ಕೆಲಸಕ್ಕೆ ಎಂದು ಹೊರದೇಶಕ್ಕೆ ಹೋದ ಮಕ್ಕಳು ಅಲ್ಲಿಯವರನ್ನು ಮೆಚ್ಚಿ ಮದುವೆಯಾಗುವುದೂ ಈಗ ಹೊಸತಲ್ಲ. ಹಾಗೆ ಬಂದ ಸೊಸೆಯೋ ಅಳಿಯನೋ ಈ ದೇಶದ ಪ್ರಜೆಯಾಗುವುದು ಎಂದು? ಈ ಒಂದು ಪ್ರಶ್ನೆಯನ್ನೇ ಮನವಿದಾರರು ತಮ್ಮ ಮುಂದೆ ಇಡುತ್ತಿದ್ದಾರೆ.

ಕಾನೂನು ಈಗ ಹೇಳುವುದೇನು?

1955ರ ಪೌರತ್ವ ಕಾಯ್ದೆಯ 5(1)(ಸಿ) ಪ್ರಕಾರ, ಭಾರತೀಯ ಪ್ರಜೆಯನ್ನು ಮದುವೆಯಾದವರು ಏಳು ವರ್ಷ ಇಲ್ಲಿ ವಾಸವಿದ್ದ ಮೇಲೆ ನೋಂದಣಿಯ ಮೂಲಕ ಪೌರತ್ವ ಕೇಳಬಹುದು. ಏಳು ವರ್ಷವನ್ನು ಎಣಿಸುವ ಬಗೆಯನ್ನು ಅದೇ ಕಲಮಿನ ವಿವರಣೆ ತಿಳಿಸುತ್ತದೆ. ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಪೂರ್ತಿ ಭಾರತದಲ್ಲೇ ಇರಬೇಕು. ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಕನಿಷ್ಠ ಆರು ವರ್ಷ ಇಲ್ಲಿ ಕಳೆದಿರಬೇಕು.

ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ. ಮದುವೆಯ ನಂಟಿಲ್ಲದ ವಿದೇಶಿಯರು ಆರನೇ ಕಲಮಿನಡಿ ದೇಶೀಕರಣಕ್ಕೆ ಹೋಗಬೇಕಾದರೆ ಕೊನೆಯ ಹನ್ನೆರಡು ತಿಂಗಳು, ಅದರ ಹಿಂದಿನ ಹದಿನಾಲ್ಕರಲ್ಲಿ ಹನ್ನೊಂದು ವರ್ಷ, ಒಟ್ಟು ಹನ್ನೆರಡು ವರ್ಷ ತೋರಿಸಬೇಕು. ಹನ್ನೆರಡಕ್ಕೆ ಹೋಲಿಸಿದರೆ ಏಳು ಕಡಿಮೆಯೇ. ಆದರೆ ತೊಡಕಿರುವುದು ಆ ಏಳರ ಒಳಗೆ.

ಲೆಕ್ಕಕ್ಕೆಂದು ಒಬ್ಬ ಸೊಸೆಯನ್ನು ಊಹಿಸಿಕೊಳ್ಳಬಹುದು. ಶ್ರೀಲಂಕಾದ ಕ್ಯಾಂಡಿಯಿಂದ 2019ರ ಜೂನ್ 1ರಂದು ಗಂಡನ ಮನೆಗೆ ಬಂದವಳು. ಎಲ್ಲಿಗೂ ಹೋಗದೆ ಇದ್ದರೆ 2026ರ ಜೂನ್ 1ಕ್ಕೆ ಅವಳ ಏಳು ವರ್ಷ ತುಂಬುತ್ತದೆ. ಆ ವರ್ಷದ ಮಾರ್ಚಿನಲ್ಲಿ ತವರಿನಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬರುತ್ತದೆ. ಹೋಗುತ್ತಾಳೆ, ತಾಯಿಯ ಜೊತೆ ನಲವತ್ತು ದಿನ ಇದ್ದು ಏಪ್ರಿಲ್ 20ಕ್ಕೆ ಮರಳುತ್ತಾಳೆ. ಕಾಯ್ದೆಯ ಪ್ರಕಾರ ಆ ಹನ್ನೆರಡು ತಿಂಗಳ ಎಣಿಕೆ ಅಲ್ಲಿಗೆ ಮುರಿಯಿತು. ವಿಶೇಷ ಕಾರಣವಿದ್ದರೆ ಕೇಂದ್ರ ಸರ್ಕಾರ ಅದನ್ನು ಬರಹದಲ್ಲಿ ದಾಖಲಿಸಿ ರಿಯಾಯಿತಿ ಕೊಡಬಹುದೆಂದು 2015ರ ತಿದ್ದುಪಡಿ ಹೇಳುತ್ತದಾದರೂ ಅದರ ಮಿತಿ ಮೂವತ್ತು ದಿನ. ಹತ್ತು ದಿನ ಹೆಚ್ಚಾದದ್ದಕ್ಕೆ ಅವಳು 2027ರ ಏಪ್ರಿಲ್ 20ರವರೆಗೆ ಕಾಯಬೇಕು.

ಮಂಡ್ಯದ ಮನೆಗಳಲ್ಲಿ ಬಾಣಂತನ ತವರಿನಲ್ಲಿ ಆಗುತ್ತದೆ, ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುತ್ತದೆ. ತವರಿಗೆ ಹೋಗಿಬರುವುದನ್ನು ಇಲ್ಲಿನ ಯಾವ ಅತ್ತೆಯೂ ಮನೆ ಬಿಟ್ಟು ಹೋದಂತೆ ಎಣಿಸುವುದಿಲ್ಲ. ಕಾನೂನು ಹಾಗೆ ಎಣಿಸುತ್ತಿದೆ.

ವಿಧವೆಯಾದವಳ ಪಾಡು

ಮನವಿದಾರರಿಗೆ ಎಲ್ಲಕ್ಕಿಂತ ನೋವು ಕೊಡುವ ಸಂಗತಿ ಬೇರೆ. 1955ರ ಮೂಲ ಕಾಯ್ದೆ ಭಾರತೀಯರನ್ನು 'ಮದುವೆಯಾಗಿರುವ ಅಥವಾ ಮದುವೆಯಾಗಿದ್ದ' ಸ್ತ್ರೀಯರಿಗೆ ನೋಂದಣಿಯ ಅವಕಾಶ ಕೊಟ್ಟಿತ್ತು. ವಾಸದ ಅವಧಿಯ ಷರತ್ತು ಆ ಕಲಮಿನಲ್ಲಿ ಇರಲಿಲ್ಲ. 1986ರ ತಿದ್ದುಪಡಿ ಆ ಅವಕಾಶವನ್ನು ಗಂಡಸರಿಗೂ ಹಿಗ್ಗಿಸಿತು, ಜೊತೆಗೆ ಐದು ವರ್ಷದ ವಾಸವನ್ನು ಸೇರಿಸಿತು. ಆಗಲೂ 'ಮದುವೆಯಾಗಿದ್ದ' ಎಂಬ ಮಾತು ಉಳಿದಿತ್ತು. 2003ರ ಅಂತ್ಯದಲ್ಲಿ ಸಂಸತ್ತು ಒಪ್ಪಿ, 2004ರ ಡಿಸೆಂಬರ್ 3ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಐದು ಏಳಾಯಿತು. ಆ ಒಂದು ಮಾತು ಬಿದ್ದುಹೋಯಿತು.

ಒಂದು ಮಾತು ಬಿದ್ದದ್ದರಿಂದ ಆಗುವುದೇನು? ಆರು ವರ್ಷ ಬಾಳಿದ ಸೊಸೆಯ ಗಂಡ ಅಪಘಾತದಲ್ಲಿ ತೀರಿಕೊಂಡ ಎಂದಿಟ್ಟುಕೊಳ್ಳಿ. ಅರ್ಜಿಯ ದಿನ ಅವಳು ಪ್ರಜೆಯೊಬ್ಬನನ್ನು 'ಮದುವೆಯಾಗಿರುವವಳು' ಅಲ್ಲ. 5(1)(ಸಿ) ಬಾಗಿಲು ಮುಚ್ಚಿತು. ಉಳಿದದ್ದು ಹನ್ನೆರಡು ವರ್ಷದ ದೇಶೀಕರಣ. ಒಂದು ವರ್ಷ ಕಾಯಬೇಕಿದ್ದವಳು ಇನ್ನೂ ಆರು ವರ್ಷ ಕಾಯಬೇಕು. ಗಂಡನನ್ನು ಕಳೆದುಕೊಂಡ ದಿನವೇ ಗಂಡನ ದೇಶವೂ ಅವಳಿಂದ ದೂರ ಸರಿಯುತ್ತದೆ. ಅತ್ತೆ ಮಾವ ಅವಳನ್ನು ಆಶ್ರಯಿಸಿದ್ದರೂ, ಮಕ್ಕಳು ಇಲ್ಲಿನ ಶಾಲೆಗೆ ಹೋಗುತ್ತಿದ್ದರೂ ಕಲಮಿನ ಓದು ಬದಲಾಗದು. 2015ರಲ್ಲಿ ಸಾಲದ ಹೊರೆಗೆ ಸೋತ ರೈತರ ಸಾವುಗಳನ್ನು ಸಾಲುಸಾಲಾಗಿ ಕಂಡ ಜಿಲ್ಲೆ ಇದು. ಎಳೆಯ ಪ್ರಾಯದ ವಿಧವೆ ಇಲ್ಲಿನ ಊರುಗಳಿಗೆ ಬರೀ ಊಹೆಯಲ್ಲ.

ಕನ್ನಡದ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಅಮೆರಿಕದಲ್ಲೂ ಇಂಥದೇ ಅನ್ಯಾಯವಿತ್ತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಅಮೆರಿಕನ್ ಸಂಗಾತಿ ಸತ್ತರೆ, ಉಳಿದವರ ಗ್ರೀನ್ ಕಾರ್ಡ್ ಅರ್ಜಿ ಬಿದ್ದುಹೋಗುತ್ತಿತ್ತು. ಅದನ್ನು ಅಲ್ಲಿನವರು 'ವಿಧವೆಗೆ ವಿಧಿಸುವ ದಂಡ' ಎಂದೇ ಕರೆದು ಹೋರಾಡಿದರು. 2009ರ ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತು ಆ ನಿಯಮವನ್ನು ತೆಗೆದುಹಾಕಿತು. ಪೌರತ್ವದ ವಿಷಯದಲ್ಲೂ ಪ್ರಜೆಯ ಸಂಗಾತಿಗೆ ಅಲ್ಲಿ ಇರುವುದು ಗ್ರೀನ್ ಕಾರ್ಡ್ ಸಿಕ್ಕ ಮೇಲಿನ ಮೂರು ವರ್ಷ, ಉಳಿದವರಿಗೆ ಐದು. ಜರ್ಮನಿಯಲ್ಲಿ ಸಂಗಾತಿಗೆ ಸಾಮಾನ್ಯವಾಗಿ ಮೂರು ವರ್ಷದ ವಾಸ, ಎರಡು ವರ್ಷದ ದಾಂಪತ್ಯ ಸಾಕು.

ಕರ್ನಾಟಕ ಕಂಡ ನಿದರ್ಶನಗಳು

ಭಾರತದ ಈ 5(1)(ಸಿ) ಕಲಮನ್ನು ಕನ್ನಡ ನಾಡು ಹಿಂದೊಮ್ಮೆ ಚುನಾವಣೆಯ ಗದ್ದಲದಲ್ಲೇ ಓದಿಕೊಂಡಿತ್ತು. 1999ರಲ್ಲಿ ಬಳ್ಳಾರಿಯಿಂದ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರಾದಾಗ ವಿದೇಶಿ ಮೂಲದ ಪ್ರಶ್ನೆ ಊರೂರಿನ ಚರ್ಚೆಯಾಯಿತು. 1968ರಲ್ಲಿ ಮದುವೆಯಾದ ಸೋನಿಯಾ ಅವರು 1983ರ ಏಪ್ರಿಲ್ 30ರಂದು ಪೌರತ್ವ ಪಡೆದದ್ದು ಇದೇ 5(1)(ಸಿ) ಅಡಿಯಲ್ಲಿ. ಆ ನೋಂದಣಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2001ರಲ್ಲಿ ತೀರ್ಪು ಬಂತು. ಮದುವೆಯ ಮೂಲಕ ಬಂದ ಪೌರತ್ವ ಅರೆಬರೆಯದಲ್ಲ, ಪೂರ್ತಿಯಾದದ್ದು ಎಂಬುದನ್ನು ಜನಸಾಮಾನ್ಯರು ತಿಳಿದುಕೊಂಡದ್ದು ಆಗ.

ಕರಾವಳಿಯ ಭಟ್ಕಳದ್ದು ಬೇರೆ ಕಥೆ. ದೇಶ ವಿಭಜನೆಯ ನಂತರವೂ ಕರಾಚಿಯ ನೆಂಟಸ್ತಿಕೆ ಕಡಿಯದ ಮನೆಗಳು ಅಲ್ಲಿವೆ. ಕರಾಚಿಯಿಂದ ಬಂದ ಸೊಸೆಯಂದಿರು ದೀರ್ಘಾವಧಿ ವೀಸಾದ ಮೇಲೆ ವರ್ಷಗಟ್ಟಲೆ ಬಾಳುತ್ತಿದ್ದಾರೆ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಬಳಿಕ ಪಾಕಿಸ್ತಾನಿ ಪ್ರಜೆಗಳ ವೀಸಾಗಳು ರದ್ದಾದವು. ದೀರ್ಘಾವಧಿ ವೀಸಾಕ್ಕೆ ವಿನಾಯಿತಿ ಇದ್ದರೂ ಆ ದಿನಗಳಲ್ಲಿ ಇಂಥ ಮನೆಗಳು ಉಸಿರು ಬಿಗಿಹಿಡಿದು ಕುಳಿತಿದ್ದವು. ದೇಶದ ಭದ್ರತೆಯ ಪರಿಶೀಲನೆ ಕಟ್ಟುನಿಟ್ಟಾಗಿಯೇ ಇರಲಿ. ಪರಿಶೀಲನೆ ಮುಗಿಸಿ ಹೌದು ಅಥವಾ ಇಲ್ಲ ಎಂದು ಹೇಳುವುದಕ್ಕೆ ಮಾತ್ರ ಒಂದು ಗಡುವು ಬೇಕು.

ರಾಯಚೂರು ಜಿಲ್ಲೆಯ ಸಿಂಧನೂರಿನ ಶಿಬಿರಗಳಲ್ಲಿ ದಶಕಗಳಿಂದ ನೆಲೆಸಿದ ಬಂಗಾಳಿ ಕುಟುಂಬಗಳ ಕೆಲವರಿಗೆ 2024ರಲ್ಲಿ ಪೌರತ್ವದ ಪ್ರಮಾಣಪತ್ರ ಕೈಗೆ ಬಂತು. ಅದಕ್ಕೆ ದಾರಿ ಮಾಡಿದ 2019ರ ತಿದ್ದುಪಡಿ, ಕೆಲವು ಸಮುದಾಯಗಳಿಗೆ ದೇಶೀಕರಣದ ಹನ್ನೊಂದು ವರ್ಷವನ್ನು ಐದಕ್ಕೆ ಇಳಿಸಿತು. ಸರ್ಕಾರ ಮನಸ್ಸು ಮಾಡಿದರೆ ಅವಧಿ ಇಳಿಸಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ವೀಸಾ ತಪ್ಪಿದರೆ ಮಗುವಿಗೂ ತೊಂದರೆ

ವೀಸಾ ಮುಗಿದ ಮೇಲೂ ಉಳಿದವರು ಕಾಯ್ದೆಯ ಕಣ್ಣಿಗೆ 'ಅಕ್ರಮ ವಲಸಿಗರು'. ಅಂಥವರು ಐದನೇ ಕಲಮಿನಡಿ ಅರ್ಜಿಯನ್ನೇ ಹಾಕುವಂತಿಲ್ಲ. ಅಷ್ಟಕ್ಕೇ ಮುಗಿಯುವುದಿಲ್ಲ. 2004ರ ಡಿಸೆಂಬರ್ 3ರ ನಂತರ ಇಲ್ಲಿ ಹುಟ್ಟಿದ ಮಗು ಹುಟ್ಟಿನಿಂದ ಪ್ರಜೆಯಾಗಬೇಕಾದರೆ, ತಂದೆ ತಾಯಿ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ತಾಯಿಯ ವೀಸಾ ನವೀಕರಣ ತಪ್ಪಿದ ಹೊತ್ತಿನಲ್ಲಿ ಮದ್ದೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ, ಅಪ್ಪ ಈ ಮಣ್ಣಿನವನಾಗಿದ್ದರೂ, ಹುಟ್ಟಿನಿಂದ ಪೌರತ್ವ ಸಿಗದು. ಕಾಗದಪತ್ರದ ಒಂದು ತಪ್ಪು ಎರಡು ತಲೆಮಾರನ್ನು ಹಿಡಿದುಕೊಳ್ಳುತ್ತದೆ.

ನೇಪಾಳ, ಭೂತಾನದಿಂದ ಬಂದವರ ತೊಡಕು ಇದಕ್ಕೆ ತಿರುಗುಮುರುಗು. ಅವರಿಗೆ ವೀಸಾ ಬೇಕಿಲ್ಲ. ಹಾಗಾಗಿ ಎಂದು ಬಂದರು, ಎಷ್ಟು ವರ್ಷ ಇದ್ದರು ಎಂದು ತೋರಿಸಲು ವೀಸಾದ ಮುದ್ರೆಯೂ ಇರುವುದಿಲ್ಲ.

ಸಾಗರೋತ್ತರ ಭಾರತೀಯ ಪೌರರಿಗೆ ಕೊಡುವ ಓಸಿಐ ಕಾರ್ಡಿನ ದಾರಿಯೊಂದಿದೆ ಎಂಬುದು ಮನವಿದಾರರಿಗೆ ಗೊತ್ತಿದೆ. ನೋಂದಾಯಿತ ಮದುವೆ ಎರಡು ವರ್ಷ ನಡೆದಿದ್ದರೆ ಕಾರ್ಡ್, ಕಾರ್ಡ್ ಪಡೆದು ಐದು ವರ್ಷವಾಗಿ ಕೊನೆಯ ಹನ್ನೆರಡು ತಿಂಗಳು ಇಲ್ಲಿದ್ದರೆ 5(1)(ಜಿ) ಅಡಿ ಪೌರತ್ವದ ಅರ್ಜಿ. ಆದರೆ ಪಾಕಿಸ್ತಾನ, ಬಾಂಗ್ಲಾದೇಶದ ಮೂಲ ಮುತ್ತಜ್ಜನ ಕಾಲದ್ದಾದರೂ ಆ ಕಾರ್ಡ್ ಸಿಗದು. ಮದುವೆಯ ಆಧಾರದ ಮೇಲೆ ಪಡೆದ ಕಾರ್ಡನ್ನು ವಿಚ್ಛೇದನವಾದರೆ ರದ್ದು ಮಾಡಬಹುದು. ಭಾರತೀಯ ಮಕ್ಕಳನ್ನು ಸಾಕುತ್ತಿರುವ ತಾಯಿಗೆ ಆಗ ಇಲ್ಲಿ ನಿಲ್ಲುವ ನೆಲೆಯೇ ಅಲುಗಾಡುತ್ತದೆ.

'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎನ್ನುವುದು ಈ ಕಡೆಯ ಹಳೆಯ ಮಾತು. ಧಾರೆ ಎರೆದ ಗಳಿಗೆಯಿಂದ ಅವಳು ಸೇರಿದ ಮನೆಯವಳು ಎಂಬುದು ಅದರ ಇನ್ನೊಂದು ಮಗ್ಗುಲು. ಊರು ಒಂದೇ ದಿನದಲ್ಲಿ ಒಪ್ಪಿದವಳನ್ನು ಸರ್ಕಾರವೂ ಒಂದೇ ದಿನದಲ್ಲಿ ಒಪ್ಪಬೇಕೆಂದು ಮನವಿದಾರರು ಕೇಳುತ್ತಿಲ್ಲ. ಸುಳ್ಳು ಮದುವೆಗಳನ್ನು ತಡೆಯಲು ಕಾಯುವ ಅವಧಿ ಬೇಕೆಂಬುದನ್ನೂ ಒಪ್ಪುತ್ತಾರೆ. ಆ ಅವಧಿ ಲೆಕ್ಕಕ್ಕೆ ಸಿಗುವಂತಿರಲಿ, ಸಾವು-ಹೆರಿಗೆಗಳಿಗೆ ಮುರಿಯದಂತಿರಲಿ ಎಂಬುದಷ್ಟೇ ಅವರ ಕೋರಿಕೆ.

ಹಕ್ಕೊತ್ತಾಯಗಳು

1. 5(1)(ಸಿ) ಕಲಮಿನಲ್ಲಿ 'ಮದುವೆಯಾಗಿದ್ದ' ಎಂಬ ಮಾತನ್ನು ಮರಳಿ ಸೇರಿಸಬೇಕು. ಸಂಗಾತಿ ತೀರಿಕೊಂಡವರು ಹಾಗೂ ಭಾರತೀಯ ಮಕ್ಕಳ ಪಾಲನೆ ಹೊತ್ತಿರುವ ವಿಚ್ಛೇದಿತರು ತಮ್ಮ ವಾಸದ ಲೆಕ್ಕವನ್ನು ಕಳೆದುಕೊಳ್ಳಬಾರದು.

2. ಏಳು ವರ್ಷದ ಅವಧಿಯನ್ನು 1986ರ ತಿದ್ದುಪಡಿಯಲ್ಲಿದ್ದಂತೆ ಐದು ವರ್ಷಕ್ಕೆ ಇಳಿಸಬೇಕು.

3. ಕೊನೆಯ ಹನ್ನೆರಡು ತಿಂಗಳ ವಾಸದಲ್ಲಿ ಕೊಡುವ ಮೂವತ್ತು ದಿನದ ರಿಯಾಯಿತಿಯನ್ನು ತೊಂಬತ್ತಕ್ಕೆ ಏರಿಸಬೇಕು. ಹೆರಿಗೆ, ಹೆತ್ತವರ ಸಾವು ಮತ್ತು ಗಂಭೀರ ಕಾಯಿಲೆಗಳನ್ನು ವಿಶೇಷ ಕಾರಣಗಳೆಂದು ನಿಯಮದಲ್ಲೇ ಹೆಸರಿಸಬೇಕು.

4. ಕಾಯ್ದೆ ಎಣಿಸುವುದು ವಾಸದ ವರ್ಷಗಳನ್ನೇ ಹೊರತು ದಾಂಪತ್ಯದ ವರ್ಷಗಳನ್ನಲ್ಲ. ಮದುವೆಗೆ ಮುಂಚೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಓದುತ್ತ ಕಾನೂನುಬದ್ಧವಾಗಿ ಕಳೆದ ಕಾಲವೂ ಲೆಕ್ಕಕ್ಕೆ ಸೇರುತ್ತದೆಂದು ಎಲ್ಲ ಜಿಲ್ಲೆಗಳಿಗೂ ಸ್ಪಷ್ಟ ಸುತ್ತೋಲೆ ಕಳಿಸಬೇಕು.

5. ಭಾರತೀಯ ಪ್ರಜೆಯ ಸಂಗಾತಿಯ ವೀಸಾ ನವೀಕರಣ ತಡವಾದಾಗ, ನಿಗದಿತ ದಂಡ ಕಟ್ಟಿ ಸರಿಪಡಿಸಿಕೊಳ್ಳುವ ಅವಧಿ ಇರಬೇಕು. ಆ ಅವಧಿಯಲ್ಲಿ ಹುಟ್ಟಿದ ಮಗುವಿನ ಪೌರತ್ವಕ್ಕೆ ಧಕ್ಕೆ ಬರಬಾರದು.

6. ನೇಪಾಳ, ಭೂತಾನದ ಸಂಗಾತಿಗಳ ವಾಸಕ್ಕೆ ಗ್ರಾಮ ಪಂಚಾಯಿತಿಯ ದಾಖಲೆ, ತಾಯಿ ಕಾರ್ಡ್, ಮಕ್ಕಳ ಶಾಲಾ ದಾಖಲೆಗಳನ್ನು ಪುರಾವೆಯಾಗಿ ಒಪ್ಪಬೇಕು.

7. 2009ರ ಪೌರತ್ವ ನಿಯಮಗಳು ಜಿಲ್ಲಾಧಿಕಾರಿಯವರ ವರದಿಗೆ 60 ದಿನ, ರಾಜ್ಯ ಸರ್ಕಾರದ ಶಿಫಾರಸಿಗೆ 30 ದಿನ ಎಂದಿವೆ. ಈ ಗಡುವು ಪಾಲನೆಯಾಗಬೇಕು, ಕೇಂದ್ರದ ಹಂತಕ್ಕೂ ಗಡುವು ಗೊತ್ತುಪಡಿಸಬೇಕು. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು.

8. ಮಂಡ್ಯ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ತಿಂಗಳಿಗೊಂದು ದಿನ ಪೌರತ್ವ ಅರ್ಜಿಗಳಿಗೆಂದೇ ಮೀಸಲಿಡಬೇಕು. ಅರ್ಜಿ ನಮೂನೆಯ ವಿವರ, ಬೇಕಾದ ದಾಖಲೆಗಳ ಪಟ್ಟಿ ಮತ್ತು ವಾಸದ ದಿನ ಎಣಿಸುವ ಬಗೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ನಾಡ ಕಚೇರಿಗಳಲ್ಲಿ ಸಿಗುವಂತೆ ಮಾಡಬೇಕು.

ಮೊದಲ ಮೂರು ಬೇಡಿಕೆಗಳಿಗೆ ಸಂಸತ್ತಿನ ತಿದ್ದುಪಡಿ ಬೇಕು, ಐದನೆಯದರಲ್ಲಿ ಮಗುವಿನ ವಿಷಯಕ್ಕೂ ಅದೇ ದಾರಿ. ಉಳಿದವುಗಳಲ್ಲಿ ಹೆಚ್ಚಿನವು ಸುತ್ತೋಲೆ ಹಾಗೂ ನಿಯಮ ಬದಲಾವಣೆಯಿಂದಲೇ ಆಗಬಹುದಾದವು. ಎಂಟನೆಯದಕ್ಕೆ ದೆಹಲಿಯ ಅಪ್ಪಣೆಯನ್ನೂ ಕಾಯಬೇಕಿಲ್ಲ. ಆದ್ದರಿಂದ ಅದನ್ನು ಈ ತಿಂಗಳಿನಿಂದಲೇ ಶುರುಮಾಡಬೇಕೆಂದು ಮನವಿದಾರರು ಮಾನ್ಯ ಜಿಲ್ಲಾಧಿಕಾರಿಗಳನ್ನು ಕೋರುತ್ತಾರೆ. ಈ ಮನವಿಯನ್ನು ತಮ್ಮ ಅಭಿಪ್ರಾಯದೊಂದಿಗೆ ಗೃಹ ಸಚಿವಾಲಯಕ್ಕೆ ಕಳಿಸಿ, ಕಳಿಸಿದ ದಿನಾಂಕವನ್ನು ಮನವಿದಾರರಿಗೆ ಪತ್ರದ ಮೂಲಕ ತಿಳಿಸಬೇಕೆಂದೂ ವಿನಂತಿಸುತ್ತಾರೆ.

ಗೌರವಗಳೊಂದಿಗೆ,

ಭಾರತೀನಗರ ಹಾಗೂ ಸುತ್ತಲಿನ ಗ್ರಾಮಗಳ ಮನವಿದಾರರು
ಸ್ಥಳ: ಭಾರತೀನಗರ

ಪ್ರತಿಗಳು:
1. ಮಾನ್ಯ ಲೋಕಸಭಾ ಸದಸ್ಯರು, ಮಂಡ್ಯ
2. ಒಳಾಡಳಿತ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
3. ತಹಶೀಲ್ದಾರರು, ಮದ್ದೂರು ಮತ್ತು ಮಳವಳ್ಳಿ